ಟೀ ಕುಡಿದವರ ಲೆಕ್ಕ

ಟೈಲರಮ್ಮ ಟ್ರೇಯಿಂದ ಟೀ ಕಪ್ಪು ಎತ್ತಿಕೊಂಡ ಕೂಡಲೇ ಯಜಮಾನರ ಎದೆಯ ಮೇಲಿನ ಭಾರ ಇಳಿಯಿತು. ಒಂಬತ್ತಾಯಿತು. ಇನ್ನುಳಿದ ಏಳು ಜನ ಗಂಟಲು ಹರಿದುಕೊಂಡರೂ ರಂಗಮಂದಿರಕ್ಕೆ ಹೊಸ ಚಾವಣಿ ಬಂದಂತೆಯೇ.

"ಸಕ್ಕರೆ ಸಾಕಾ ತಾಯಿ?" ಎಂದು ತಾವೇ ವಿಚಾರಿಸಿಕೊಂಡರು.

"ಸಾಕು ಯಜಮಾನ್ರೇ. ಸ್ಕೂಲು ಶುರುವಾಗೋ ಹೊತ್ತು ನೋಡಿ, ಬೆಳಿಗ್ಗೆಯಿಂದ ಯೂನಿಫಾರಂ ಹೊಲೀತಾ ಕೂತವಳು ಒಂದು ತೊಟ್ಟು ನೀರೂ ಕುಡಿದಿಲ್ಲ" ಎಂದ ಟೈಲರಮ್ಮ ಟೀಯನ್ನು ಎರಡೇ ಗುಟುಕಿಗೆ ಮುಗಿಸಿ ಬಿಸ್ಕತ್ತಿಗೂ ಕೈ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಮರದ ಡಿಪೋ ಸಾಹುಕಾರರು ಯಜಮಾನರ ಕಡೆ ನೋಡಿ ಹುಬ್ಬು ಹಾರಿಸಿದರು. ಬಿಸ್ಕತ್ತೂ ತಿಂದಳು, ಇನ್ನೇನು ಚಿಂತೆ ಎಂದು ಆ ಹುಬ್ಬು ಹೇಳುತ್ತಿತ್ತು.

ಆ ಪುರಸಭೆಯಲ್ಲಿ ಟೀ ಬರೀ ಟೀ ಆಗಿರಲಿಲ್ಲ. ದೊಡ್ಡ ವಿಷಯವೊಂದು ಸಭೆಗೆ ಬರುವ ದಿನ, ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು, ಅಧ್ಯಕ್ಷರಾದ ಯಜಮಾನರ ಕೋಣೆಗೆ ಟ್ರೇ ಬರುತ್ತಿತ್ತು. ವಿಷಯಕ್ಕೆ ಒಪ್ಪಿಗೆ ಇದ್ದವರು ಒಳಗೆ ಬಂದು ಕೂತು ಟೀ ಕುಡಿಯುತ್ತಿದ್ದರು. ಇಲ್ಲದವರು ಬಾಗಿಲಲ್ಲೇ ಮುಖ ತೋರಿಸಿ, ಏನಾದರೊಂದು ನೆಪ ಹೇಳಿ, ಸೀದಾ ಸಭಾಂಗಣಕ್ಕೆ ಹೋಗುತ್ತಿದ್ದರು. ಈ ಪದ್ಧತಿಯನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಬಾಯಿಬಿಟ್ಟು ಓಟು ಕೇಳಿದರೆ ಕೇಳಿದವನು ಸಣ್ಣವನಾಗುತ್ತಾನೆ, ಕೇಳಿಸಿಕೊಂಡವನು ಬೆಲೆ ಏರಿಸುತ್ತಾನೆ ಎಂದು ಯಜಮಾನರಿಗೆ ಚೆನ್ನಾಗಿ ಗೊತ್ತಿತ್ತು. ಕಪ್ಪು ಎಣಿಸಿದರೆ ಆ ತಾಪತ್ರಯವೇ ಇಲ್ಲ. ಮೂವತ್ತು ವರ್ಷದ ಅಧ್ಯಕ್ಷಗಿರಿಯಲ್ಲಿ ಆ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

"ಸಭೆಗೆ ಕೂರೋ ಮುಂಚೆ ಸಭೆ ಮುಗಿದಿರಬೇಕು ಕಣಯ್ಯಾ, ಅದೇ ರಾಜಕೀಯ" ಎಂದು ಹೊಸಬರಿಗೆ ಹೇಳುತ್ತಿದ್ದರು. ಹೇಳುವಾಗ ಒಳಗೊಳಗೇ ಸ್ವಲ್ಪ ಉಬ್ಬುತ್ತಿದ್ದರು ಕೂಡ.

ಬಾಗಿಲಲ್ಲಿ ಹೊಟ್ಟೆನೋವಿನ ಮೇಷ್ಟ್ರು ಕಾಣಿಸಿಕೊಂಡರು. ಅವರು ವಿರೋಧದ ಗುಂಪಿಗೆ ಹಿರಿಯರು, ನಿವೃತ್ತ ಗಣಿತದ ಮೇಷ್ಟ್ರು. ಟೀ ತಪ್ಪಿಸಿಕೊಳ್ಳಲು ಎಷ್ಟೋ ವರ್ಷದಿಂದ ಒಂದೇ ನೆಪ ಹೇಳಿ ಹೇಳಿ ಈ ಹೆಸರು ಸಂಪಾದಿಸಿದ್ದರು.

"ಬನ್ನಿ ಮೇಷ್ಟ್ರೇ, ಟೀ."

"ಯಾಕೋ ಹೊಟ್ಟೆ ಸರಿ ಇಲ್ಲ ಯಜಮಾನ್ರೇ."

"ನಿಮ್ಮ ಹೊಟ್ಟೆಗೆ ನಮ್ಮ ರಂಗಮಂದಿರ ಜೀರ್ಣ ಆಗ್ತಿಲ್ಲ ಅಷ್ಟೇ" ಎಂದರು ಸಾಹುಕಾರರು. ಮೇಷ್ಟ್ರು ನಕ್ಕು ಹೋದರು. ಕೋಣೆಯಲ್ಲಿದ್ದವರೂ ನಕ್ಕರು. ಟೈಲರಮ್ಮ ಮಾತ್ರ, "ಪಾಪ, ಓಮಿನ ನೀರು ಕುಡೀಬೇಕಿತ್ತು" ಎಂದಳು. ಆ ಮಾತನ್ನು ಅವತ್ತು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಆಕೆ ತಗ್ಗಿನ ಓಣಿಯಿಂದ ಉಪಚುನಾವಣೆಯಲ್ಲಿ ಗೆದ್ದು ಬಂದು ಮೂರು ತಿಂಗಳಾಗಿತ್ತು. ಹೋದ ಸಭೆಗಳಲ್ಲಿ ದೊಡ್ಡ ವಿಷಯವೂ ಇರಲಿಲ್ಲ, ಟೀಯೂ ಇರಲಿಲ್ಲ. ಇವತ್ತು ಮೊಗಸಾಲೆಯಲ್ಲಿ ನಿಂತಿದ್ದವಳನ್ನು ಯಜಮಾನರೇ ಕರೆದು ಕೂರಿಸಿದ್ದರು.

ವಿಷಯ ಇಷ್ಟೇ. ಆ ವರ್ಷದ ಅನುದಾನ ಒಂದೇ ದೊಡ್ಡ ಕೆಲಸಕ್ಕೆ ಸಾಲುವಂಥದ್ದು. ರಂಗಮಂದಿರದ ಚಾವಣಿ ಮಾಡಿದರೆ ತಗ್ಗಿನ ಓಣಿಯ ಚರಂಡಿ ಇಲ್ಲ, ಚರಂಡಿ ಮಾಡಿದರೆ ಚಾವಣಿ ಇಲ್ಲ. ಚಾವಣಿಯ ತೊಲೆಗಳಿಗೆ ಗೆದ್ದಲು ಹತ್ತಿ, ಈ ಮಳೆಗಾಲ ದಾಟಿದರೆ ಹೆಚ್ಚು ಎಂದು ಎಂಜಿನಿಯರ್ ಹೇಳಿದ್ದರು. ಈ ಸಲ ಆಗದಿದ್ದರೆ ಕಟ್ಟಡವನ್ನು ಕೆಡವುವುದೇ ಸರಿ. ಯಜಮಾನರ ಅವಧಿಯೂ ಈ ವರ್ಷಕ್ಕೆ ಮುಗಿಯುತ್ತಿತ್ತು. ಮಂಡಿ, ಭುಜ, ರಕ್ತದೊತ್ತಡ ಎಲ್ಲ ಸೇರಿ ಸಾಕು ಎಂದಿದ್ದವು. ಇನ್ನು ನಿಲ್ಲುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು. ಹೋಗುವ ಮೊದಲು ಈ ಒಂದನ್ನು ಉಳಿಸಿ ಹೋಗಬೇಕು, ಉಳಿದದ್ದೆಲ್ಲ ಹೇಗಾದರೂ ಹೋಗಲಿ ಎಂಬುದು ಅವರ ಆಸೆ.

ಆಸೆಗೆ ಕಾರಣವೂ ಇತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಅದೇ ರಂಗದ ಮೇಲೆ ಅವರು ಈಟಿ ಹಿಡಿದು ನಿಲ್ಲುವ ಸೈನಿಕ. ಮಾತಿಲ್ಲದ ಪಾತ್ರ. ರಾಜನ ಮಾತನ್ನೆಲ್ಲ ಕಲಿತುಕೊಂಡು, ರಾಜ ತಡವರಿಸಿದಾಗ ಹಿಂದಿನಿಂದ ಪಿಸುಗುಟ್ಟುತ್ತಿದ್ದರು. ಮುಂದೆ ರಾಜಕೀಯಕ್ಕೆ ಬಂದಾಗ ಆ ಪಿಸುಗುಟ್ಟುವ ವಿದ್ಯೆ ಭಾಷಣದ ವಿದ್ಯೆಗಿಂತ ಹೆಚ್ಚಾಗಿ ಕೈ ಹಿಡಿಯಿತು.

ಗಂಟೆ ಬಾರಿಸಿತು. ಎಲ್ಲರೂ ಎದ್ದರು.

ಸಭಾಂಗಣದಲ್ಲಿ ಕುದುರೆ ಲಾಳದಂತೆ ಮೇಜುಗಳು, ಎತ್ತರದಲ್ಲಿ ಅಧ್ಯಕ್ಷರ ಕುರ್ಚಿ, ಹಿಂದೆ ಸಾರ್ವಜನಿಕರಿಗೆಂದು ಎರಡು ಬೆಂಚು. ಬೆಂಚಿನ ಮೇಲೆ ತಗ್ಗಿನ ಓಣಿಯ ಆರೇಳು ಹೆಂಗಸರು ಬಂದು ಕೂತಿದ್ದರು. ಕಾರ್ಯದರ್ಶಿ ಎದ್ದು ನಿಂತು ಚಾವಣಿಯ ವಿಷಯವನ್ನು ಓದಿದರು. ಚರ್ಚೆ ಇದೆಯೇ ಎಂದು ಕೇಳುವ ಶಾಸ್ತ್ರವಾಯಿತು. ಎಂದಿನಂತೆ ಯಾರೂ ತುಟಿ ಬಿಚ್ಚಲಿಲ್ಲ. ಲೆಕ್ಕ ಮೊದಲೇ ಆಗಿರುವಾಗ ಮಾತಾಡಿ ಗಂಟಲು ಒಣಗಿಸಿಕೊಳ್ಳುವುದು ಯಾಕೆ?

"ಪರವಾಗಿ ಇರೋರು ಕೈ ಎತ್ತಿ."

ಎಂಟು ಕೈ. ಯಜಮಾನರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಟೈಲರಮ್ಮನ ಎರಡೂ ಕೈ ಮೇಜಿನ ಮೇಲಿದ್ದವು.

"ವಿರೋಧ ಇರೋರು?"

ಏಳು ಕೈ ಎದ್ದವು. ಅವುಗಳ ಜತೆಗೆ, ಮಧ್ಯದ ಬೆರಳಿಗೆ ಇನ್ನೂ ಸೂಜಿ ಚುಚ್ಚದ ಹಾಗೆ ತೊಡುವ ಅಂಗುಸ್ತಾನ ಹಾಕಿಕೊಂಡೇ ಇದ್ದ ಟೈಲರಮ್ಮನ ಕೈಯೂ ಎದ್ದಿತು.

ಸಾಹುಕಾರರು ಕುರ್ಚಿ ಕಿರ್ರೆನಿಸಿ ಎದ್ದೇಬಿಟ್ಟರು. "ಏನಮ್ಮಾ ಇದು? ಟೀ ಕುಡಿದು ಹೀಗೆ ಮಾಡೋದಾ?"

ಆಕೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ಟೀ ಕುಡಿದದ್ದಕ್ಕೂ ಕೈ ಎತ್ತಿದ್ದಕ್ಕೂ ಏನಣ್ಣಾ ಸಂಬಂಧ?"

ಉತ್ತರ ಕೊಡುವುದಾದರೂ ಹೇಗೆ? ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಗೆ ತರದ ಮಾತು ಅದು. ಮೇಷ್ಟ್ರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸತೊಡಗಿದರು. ಹಿಂದಿನ ಬೆಂಚಿನಿಂದ ಒಬ್ಬಾಕೆ, "ಹಾಗಾದ್ರೆ ಊಟ ಹಾಕಿಸಿದ್ರೆ ಎರಡು ಓಟಾ?" ಎಂದಳು. ಬೆಂಚು ಪೂರ್ತಿ ಗೊಳ್ಳೆಂದಿತು.

ಯಜಮಾನರ ಕಿವಿ ಬಿಸಿಯಾಯಿತು. ಅರ್ಧ ಗಂಟೆ ವಿರಾಮ ಎಂದು ಹೇಳಿ ಎದ್ದರು.

ಕೋಣೆಯಲ್ಲಿ ಖಾಲಿ ಕಪ್ಪುಗಳು ಇನ್ನೂ ಹಾಗೇ ಇದ್ದವು. ಸಾಹುಕಾರರು ಒಳಗೆ ಬಂದವರೇ ಬಾಗಿಲು ಹಾಕಿದರು. "ನಂಬಿಕೆದ್ರೋಹ ಯಜಮಾನ್ರೇ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

"ಅವಳಿಗೆ ಗೊತ್ತಿರಲಿಲ್ಲ ಕಣೋ."

"ಗೊತ್ತಿರಲಿಲ್ಲ ಅಂದ್ರೆ? ಇಷ್ಟು ವರ್ಷದಲ್ಲಿ ನಮಗೆಲ್ಲ ಯಾರು ಹೇಳಿಕೊಟ್ರು? ತಾನಾಗಿ ತಿಳ್ಕೋಬೇಕು."

ಕಾರ್ಯದರ್ಶಿ ಕೆಮ್ಮಿದರು. ಅವರು ಕೆಮ್ಮಿದರೆ ಒಂದು ದಾರಿ ಇದೆ ಎಂದರ್ಥ. "ಎಂಟು-ಎಂಟು ಸಮ ಆಗಿದೆ ಸಾರ್. ಸಮ ಆದಾಗ ಕುರ್ಚಿಯಲ್ಲಿ ಕೂತವರದ್ದು ನಿರ್ಣಾಯಕ ಮತ. ನೀವು ಹೋಗಿ ಕೂತು 'ಪರ' ಅಂದುಬಿಡಿ. ಚಾವಣಿ ಆಯ್ತು. ಎರಡು ನಿಮಿಷದ ಕೆಲಸ."

"ಮತ್ತಿನ್ನೇನು!" ಸಾಹುಕಾರರು ಮೇಜು ಗುದ್ದಿದರು.

ಹೌದಲ್ಲ, ಎಂದುಕೊಂಡರು ಯಜಮಾನರು. ಇಷ್ಟು ವರ್ಷದಲ್ಲಿ ಆ ಮತ ಬಳಸುವ ಪ್ರಮೇಯವೇ ಬಂದಿರಲಿಲ್ಲ. ಅದು ತಮ್ಮ ಹೆಚ್ಚುಗಾರಿಕೆ ಎಂದೇ ಅವರು ತಿಳಿದಿದ್ದರು. ಈಗ ಬಳಸಿದರೆ ಕಿರೀಟವೇನೂ ಬಿದ್ದುಹೋಗುವುದಿಲ್ಲ. ಆದರೂ ಬೆಂಚಿನ ಆ ನಗು ಕಿವಿಯಿಂದ ಹೋಗಲಿಲ್ಲ.

ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ಮಾತ್ರೆ ತಗೊಂಡ್ರಾ?"

"ತಗೋತೀನಿ. ಇಲ್ಲೊಂದು ಎಡವಟ್ಟಾಗಿದೆ" ಎಂದು ಎರಡು ಮಾತಿನಲ್ಲಿ ಹೇಳಿದರು. ಆ ಕಡೆಯಿಂದ ನಗು ಕೇಳಿಸಿತು.

"ಯಾಕೇ ನಗ್ತೀಯಾ?"

"ನಗದೆ ಇನ್ನೇನು ಮಾಡ್ಲಿ? ಮದುವೆ ಆದಾಗಿಂದ ನನ್ನ ಕೈ ಟೀ ಕುಡೀತಾ ಇದ್ದೀರಿ, ಒಂದು ದಿನ ನನ್ನ ಮಾತಿಗೆ ಹೂಂ ಅಂದಿದ್ದೀರಾ? ಆ ಹುಡುಗಿ ಒಂದು ಕಪ್ಪು ಕುಡಿದು ಬೇಡ ಅಂದ್ರೆ ಊರು ಮುಳುಗಿಹೋಯ್ತಾ? ಮೊದಲು ಮಾತ್ರೆ ತಗೊಳ್ಳಿ."

ಮಾತ್ರೆ ನುಂಗಿ, ಸ್ವಲ್ಪ ಗಾಳಿ ಬೇಕು ಎಂದು ಇಬ್ಬರನ್ನೂ ಕೋಣೆಯಲ್ಲೇ ಬಿಟ್ಟು ಹೊರಗೆ ಬಂದರು.

ಮೊಗಸಾಲೆಯ ಕೊನೆಯಲ್ಲಿ ಕಿಟಕಿಯ ಹತ್ತಿರ ಟೈಲರಮ್ಮ ಒಬ್ಬಳೇ ನಿಂತಿದ್ದಳು. ಅವರನ್ನು ಕಂಡು ಸೆರಗು ಸರಿಮಾಡಿಕೊಂಡು ನೆಟ್ಟಗಾದಳು. ಯಾರೋ ಅಷ್ಟರೊಳಗೆ ಟೀಯ ಮಹಿಮೆಯನ್ನು ಆಕೆಗೆ ತಿಳಿಸಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಯಜಮಾನ್ರೇ, ನನಗೆ ದೇವರಾಣೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ನಲ್ಲಿ ನೀರು ಕುಡೀತಿದ್ದೆ."

"ಬಿಡಿ ತಾಯಿ. ತಪ್ಪು ನಿಮ್ಮದಲ್ಲ."

"ನೀವು ಒಂದು ಮಾತು ಕೇಳಿದ್ರೆ ನಾನು ಹೇಳ್ತಿದ್ದೆ. ಬಾಗಿಲಲ್ಲೇ ಹೇಳ್ತಿದ್ದೆ. ನೀವು ಸಕ್ಕರೆ ಸಾಕಾ ಅಂತ ಕೇಳಿದ್ರಿ."

ಮಾತಿಗೆ ತಡವರಿಸುವುದು ಯಜಮಾನರ ಜಾಯಮಾನದಲ್ಲೇ ಇರಲಿಲ್ಲ. ಸಾವಿನ ಮನೆಯಿಂದ ಹಿಡಿದು ಶಾಲೆಯ ಆಟೋಟದವರೆಗೆ ಎಲ್ಲಿ ನಿಲ್ಲಿಸಿದರೂ ಸುಲಲಿತವಾಗಿ ಮಾತಾಡುವವರು, ಒಬ್ಬ ಹೊಲಿಗೆಯವಳ ಮುಂದೆ ಕಿಟಕಿಯ ಕಂಬಿ ಹಿಡಿದು ನಿಂತರು.

"ಹಾಗಾದ್ರೆ ಈಗ ಕೇಳ್ತೀನಿ. ಯಾಕೆ ಬೇಡ ಅಂದ್ರಿ?"

"ಜೋರು ಮಳೆ ಬಂದ್ರೆ ನಮ್ಮ ಓಣಿಯಲ್ಲಿ ಮಂಚದ ಮೇಲೆ ಮಿಷನ್ನು, ನೀರಲ್ಲಿ ನಾವು. ಬರೀ ಮಳೆ ನೀರಾದ್ರೆ ಪರವಾಗಿಲ್ಲ. ಮೇಲಿನ ಬೀದಿಗಳದ್ದೆಲ್ಲ ನಮ್ಮ ಮನೆಗೇ ಬರುತ್ತೆ. ಗಿರಾಕಿಗಳ ಬಟ್ಟೆ ಅಟ್ಟಕ್ಕೆ ಹಾಕ್ಬೇಕು, ಅತ್ತೇನ ಎತ್ತಿ ಕೂರಿಸ್ಬೇಕು. ಹೋದ ವರ್ಷ ಹೊಲಿದಿಟ್ಟ ಯೂನಿಫಾರಂ ಅಷ್ಟೂ ವಾಸನೆ ಹಿಡೀತು. ಮತ್ತೆ ಬಟ್ಟೆ ತಂದು ಹೊಲಿದುಕೊಟ್ಟೆ. ಅದಕ್ಕೇ ಓಣಿಯವರು ನನ್ನ ನಿಲ್ಲಿಸಿದ್ದು. ಇಲ್ಲದಿದ್ರೆ ನನಗ್ಯಾಕೆ ಬೇಕಿತ್ತು ಈ ರಾಜಕೀಯ?"

"ರಂಗಮಂದಿರ ಬೇಡವೇ ಬೇಡ ಅಂತೀರಾ?"

ಆಕೆ ಯೋಚಿಸಿದಳು. "ಬೇಡ ಅನ್ನೋಕೆ ಅದೇನು ಅಂತ ಗೊತ್ತಿರಬೇಕಲ್ಲ. ನಾನು ಒಳಗೇ ಹೋಗಿಲ್ಲ. ಅಷ್ಟು ದೊಡ್ಡ ಮನುಷ್ಯರು ನೀವು, ಅದರ ಮೇಲೆ ಅಷ್ಟು ಜೀವ ಇಟ್ಕೊಂಡಿದ್ದೀರಿ ಅಂದ್ರೆ ಏನೋ ಇರಬೇಕು. ಏನು ಅಂತ ಒಂದು ದಿನ ನಮಗೆ ಹೇಳಿದ್ರಾ?"

ಒರಟಾಗಿ ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಆಕೆ ನಿಜವಾಗಿ ಉತ್ತರ ಬೇಕು ಎನ್ನುವ ಮುಖ ಮಾಡಿಕೊಂಡು ಕೇಳಿದ್ದಳು. ಯಜಮಾನರು ನೆನಪು ಮಾಡಿಕೊಂಡು ನೋಡಿದರು. ರಂಗಮಂದಿರದ ಬಗ್ಗೆ ಬೆಳ್ಳಿಹಬ್ಬಕ್ಕೆ ಭಾಷಣ ಮಾಡಿದ್ದರು, ಸಂಸ್ಕೃತಿ ಪರಂಪರೆ ಎಂಬ ಮಾತುಗಳನ್ನೆಲ್ಲ ಧಾರಾಳವಾಗಿ ಹಂಚಿದ್ದರು. ಆದರೆ ಯಾರಿಗಾದರೂ ಯಾಕೆ ಬೇಕು ಎಂದು ಬಿಡಿಸಿ ಹೇಳಿದ್ದು, ಬೇಡ ಎನ್ನುವವನನ್ನು ಎದುರಿಗೆ ಕೂರಿಸಿಕೊಂಡು ಹೂಂ ಎನ್ನಿಸಿದ್ದು ಒಂದೂ ನೆನಪಾಗಲಿಲ್ಲ. ಅಷ್ಟೇ ಏಕೆ, ಈ ಮೂವತ್ತು ವರ್ಷದಲ್ಲಿ ಯಾವ ವಿಷಯಕ್ಕಾದರೂ ಒಬ್ಬನ ಮನಸ್ಸನ್ನಾದರೂ ತಾವು ಮಾತಿನಿಂದ ತಿರುಗಿಸಿದ್ದುಂಟೆ? ಒಲಿದವರನ್ನು ಎಣಿಸಿದ್ದರು, ಒಲಿಯದವರನ್ನು ಬಿಟ್ಟಿದ್ದರು. ಇದನ್ನೇ ಜನ ನಾಯಕತ್ವ ಎಂದರು, ತಾವೂ ಹೌದೆಂದುಕೊಂಡರು. ಆ ಯೋಚನೆ ಅವರಿಗೆ ತುಂಬ ಕಸಿವಿಸಿ ಮಾಡಿತು.

ಕೋಣೆಗೆ ವಾಪಸು ಬಂದು ಕಾರ್ಯದರ್ಶಿಯನ್ನು ಕೇಳಿದರು: "ಕುರ್ಚಿಯಲ್ಲಿ ಕೂತವನು ಒಂದು ವಿಷಯದ ಪರ ಮಾತಾಡಬಹುದಾ?"

"ಇಲ್ಲ ಸಾರ್. ಮಾತಾಡಬೇಕು ಅಂದ್ರೆ ಕುರ್ಚೀನ ಉಪಾಧ್ಯಕ್ಷರಿಗೆ ಬಿಟ್ಟು ಕೆಳಗೆ ಬಂದು ಮಾತಾಡಬೇಕು. ಆ ವಿಷಯ ಮುಗಿಯೋವರೆಗೂ ವಾಪಸು ಹತ್ತೋ ಹಾಗಿಲ್ಲ. ಮತ ಮತ್ತೆ ಹಾಕಿಸಬೇಕಾಗುತ್ತೆ. ನಿಮ್ಮದು ಬರೀ ಒಂದು ಮತ ಆಗುತ್ತೆ. ನಿರ್ಣಾಯಕ ಮತ ಕುರ್ಚಿಯ ಜತೆಗೇ ಹೋಗಿಬಿಡುತ್ತೆ." ಹೇಳುತ್ತ ಹೇಳುತ್ತ ಕಾರ್ಯದರ್ಶಿಯ ದನಿ ಇಳಿಯಿತು. "ಯಾಕೆ ಸಾರ್ ಕೇಳ್ತಿದ್ದೀರಿ?"

ಸಾಹುಕಾರರಿಗೆ ಆಗಲೇ ಅರ್ಥವಾಗಿತ್ತು. "ತಲೆ ನೆಟ್ಟಗಿದೆಯಾ ನಿಮಗೆ? ಕೈಗೆ ಬಂದ ತುತ್ತು ಇದು!"

"ಮಾತಾಡಿ ಗೆಲ್ತೀನಿ ಕಣೋ."

"ಗೆಲ್ಲದೇ ಹೋದ್ರೆ?"

ಯಜಮಾನರು ನಕ್ಕರು. ಸತ್ಯ ಹೇಳಬೇಕೆಂದರೆ ಗೆಲ್ಲದೇ ಹೋಗುವುದು ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಟೈಲರಮ್ಮನ ಮಾತು ನಾಟಿದ್ದು ಹೌದು, ಆದರೆ ಒಳಗಿದ್ದ ಹಳೆಯ ನಟನಿಗೂ ಆಸೆ ಹುಟ್ಟಿತ್ತು. ಮಾತಿಲ್ಲದ ಪಾತ್ರ ಮಾಡಿದವನಿಗೆ ಕೊನೆಗೊಂದು ದೊಡ್ಡ ಮಾತಿನ ಅವಕಾಶ ಸಿಕ್ಕರೆ ಬಿಡುತ್ತಾನೆಯೇ? ಎಂಟು ಜನ ಕೈಯಲ್ಲಿದ್ದಾರೆ, ಆ ಕಡೆಯಿಂದ ಇಬ್ಬರು ಮೂವರನ್ನಾದರೂ ಎಳೆದು ತರುತ್ತೇನೆ ಎಂದು ಮೀಸೆಯ ಮೇಲೆ ಕೈಯಾಡಿಸಿಕೊಂಡೇ ಹೊರಟರು.

ಅವರು ಕುರ್ಚಿ ಬಿಟ್ಟು ಇಳಿದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಉಪಾಧ್ಯಕ್ಷರು ಔಷಧದ ಅಂಗಡಿಯವರು, ಸಾಧು ಮನುಷ್ಯರು. ಯಜಮಾನರು ಕೈ ಎತ್ತಿ ಎಂದರೆ ಎತ್ತಿ, ಇಳಿಸಿ ಎಂದರೆ ಇಳಿಸಿ ಕಾಲ ಕಳೆದವರು. ಅವರು ಆ ದೊಡ್ಡ ಕುರ್ಚಿಯ ತುದಿಯಲ್ಲಿ, ಮುಳ್ಳಿನ ಮೇಲೆ ಕೂತವರಂತೆ ಕೂತರು. ಯಜಮಾನರಿಗೆ ಎಲ್ಲಿ ಕೂರಬೇಕೋ ಗೊತ್ತಾಗಲಿಲ್ಲ. ಕೆಳಗೆ ಖಾಲಿ ಇದ್ದದ್ದು ಉಪಾಧ್ಯಕ್ಷರು ಬಿಟ್ಟೆದ್ದ, ಮೇಷ್ಟ್ರ ಪಕ್ಕದ ಕುರ್ಚಿ ಒಂದೇ. ಅದರ ಹಿಂದೆ ನಿಂತುಕೊಂಡು ಮಾತು ಶುರು ಮಾಡಿದರು.

"ಮಾನ್ಯ ಸದಸ್ಯರೇ, ಸಂಸ್ಕೃತಿ ಅನ್ನೋದು ಒಂದು ಊರಿನ ಉಸಿರು..."

ದನಿ ಚೆನ್ನಾಗಿಯೇ ಹೊಮ್ಮಿತು. ಆದರೆ ಹಲ್ಲಿನ ಡಾಕ್ಟರು ಗಡಿಯಾರ ನೋಡಿದರು. ಬೇಕರಿಯವನು ಆಕಳಿಸಿದ. ಇಬ್ಬರೂ ತಮ್ಮವರೇ, ಸ್ವಲ್ಪ ಹೊತ್ತಿಗೆ ಮುಂಚೆ ತಮ್ಮ ಕೋಣೆಯಲ್ಲಿ ಟೀ ಕುಡಿದವರೇ. ಮೇಲೆ ಕೂತಾಗ ಈ ಆಕಳಿಕೆ ಕಾಣುತ್ತಿರಲಿಲ್ಲವೋ ಅಥವಾ ಆಗ ಯಾರೂ ಆಕಳಿಸುತ್ತಿರಲಿಲ್ಲವೋ. ಟೈಲರಮ್ಮ ಮಾತ್ರ ಗಲ್ಲಕ್ಕೆ ಕೈ ಕೊಟ್ಟು, ಈ ಉಸಿರು ಗಿಸಿರೆಲ್ಲ ಮುಗಿದ ಮೇಲೆ ವಿಷಯಕ್ಕೆ ಬರುತ್ತಾರೆ ಎಂದು ಕಾಯುತ್ತಿದ್ದಳು.

ಯಜಮಾನರು ನಿಲ್ಲಿಸಿದರು. ಮೇಷ್ಟ್ರ ಮುಂದಿದ್ದ ನೀರಿನ ಲೋಟ ಎತ್ತಿ ಕುಡಿದರು.

"ಅದೆಲ್ಲ ಬೇಡ" ಎಂದರು. "ನಮ್ಮಮ್ಮ ಮೂರು ಮನೆಯ ಬಟ್ಟೆ ಒಗೀತಿದ್ಲು. ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಅಪ್ಪ ಇದ್ದಾಗಲೂ ಇರಲಿಲ್ಲ, ಹೋದ ಮೇಲೂ ಇರಲಿಲ್ಲ. ನಾನು ಈಟಿ ಹಿಡಿದು ನಿಲ್ಲೋ ನಾಟಕಕ್ಕೆ ಒಂದು ಪಾಸು ಕೊಟ್ಟಿದ್ರು, ಅದರಲ್ಲಿ ಅಮ್ಮ ಬಂದಿದ್ಲು. ರಾಜನ ಮೀಸೆ ಬಿದ್ದುಹೋಯ್ತು. ನಿಜವಾಗ್ಲೂ ಬಿತ್ತು, ನಾಟಕದಲ್ಲಿ ಇದ್ದದ್ದಲ್ಲ. ಜನ ನಕ್ರು. ಆ ನಗುವಿನ ಮಧ್ಯೆ ಒಂದು ದನಿ ಎಲ್ಲರಿಗಿಂತ ಜೋರಾಗಿತ್ತು. ಯಾರು ಅಂತ ನೋಡಿದ್ರೆ ನಮ್ಮಮ್ಮ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಭುಜ ಹಿಡ್ಕೊಂಡು ಬಿದ್ದು ಬಿದ್ದು ನಗ್ತಿದ್ಲು. ಆ ಹೆಂಗಸು ಯಾರು ಗೊತ್ತಾ? ಅಮ್ಮ ಬಟ್ಟೆ ಒಗೀತಿದ್ದ ಮನೆ ಯಜಮಾನಿ. ಅವಳೂ ನಮ್ಮಮ್ಮನ ಮೇಲೆ ಒರಗಿಕೊಂಡು ನಗ್ತಿದ್ಲು."

ಯಜಮಾನರು ಲೋಟವನ್ನು ಮೇಷ್ಟ್ರ ಮುಂದೆ ವಾಪಸು ಇಟ್ಟರು.

"ನಾನು ಅಮ್ಮನ ನಗು ಕೇಳಿದ್ದು ಅದೇ ಮೊದಲು. ಮರುದಿನ ಅಮ್ಮ ಆ ಮನೆಯ ಹಿತ್ತಲಲ್ಲಿ ಎಂದಿನ ಹಾಗೇ ಬಟ್ಟೆ ಒಗೆದ್ಲು. ಏನೂ ಬದಲಾಗ್ಲಿಲ್ಲ. ಆದ್ರೂ ಊರಲ್ಲಿ ಅಂಥದ್ದೊಂದು ಜಾಗ ಇತ್ತು. ಅದು ಬಿದ್ದುಹೋದ್ರೆ ಮತ್ತೆ ಕಟ್ಟೋರು ಯಾರೂ ಇಲ್ಲ. ನನಗೆ ಅದರ ಭಯ. ಈ ತಾಯಿ ಚರಂಡಿ ಕೇಳ್ತಿದ್ದಾರೆ. ಅದು ಬೇಡ ಅನ್ನೋ ಬಾಯಿ ನನಗಿಲ್ಲ. ಅವರ ಓಣಿಯಲ್ಲಿ ನೀರು ನುಗ್ಗೋದು ನನಗೆ ಗೊತ್ತಿತ್ತು, ಮುಂದಿನ ವರ್ಷ ಅಂತ ತಳ್ಳಿದವನೂ ನಾನೇ. ಈಗಲೂ ಮುಂದಿನ ವರ್ಷ ಅಂತಲೇ ಕೇಳ್ತಿದ್ದೀನಿ. ಒಂದು ಮಳೆಗಾಲ ತಡೀರಿ ಅಂತ ಕೇಳೋಕೆ ನಾಚಿಕೆ ಆಗುತ್ತೆ. ಆದ್ರೂ ಕೇಳ್ತಿದ್ದೀನಿ."

ಇನ್ನೂ ಏನೋ ಹೇಳಬೇಕೆಂದಿತ್ತು. ಆದರೂ ಅವರು ಕೂತುಬಿಟ್ಟರು. ಸಾಹುಕಾರರು ಒಬ್ಬರೇ ಚಪ್ಪಾಳೆ ತಟ್ಟಲು ಹೋಗಿ, ಯಾರೂ ತಟ್ಟದ್ದನ್ನು ನೋಡಿ ಕೈ ಕೆಳಗಿಟ್ಟರು.

"ಬೇರೆ ಯಾರಾದ್ರೂ ಮಾತಾಡ್ತೀರಾ?" ಉಪಾಧ್ಯಕ್ಷರು ಅಭ್ಯಾಸಬಲದಿಂದ ಕೇಳಿದರು. ಕೇಳಿದ್ದೇ ತಡ, ಕಟ್ಟೆ ಒಡೆದಂತಾಯಿತು. ಟೈಲರಮ್ಮ ಎದ್ದು ಕಿಟಕಿಯ ಹತ್ತಿರ ಹೇಳಿದ್ದನ್ನೇ ಮತ್ತೆ ಹೇಳಿದಳು. ಅತ್ತೆಯನ್ನು ಎತ್ತಿ ಕೂರಿಸುವಾಗ ಅತ್ತೆ ಬೈಯುವ ಬೈಗುಳವನ್ನೂ ಸೇರಿಸಿದ್ದರಿಂದ ಬೆಂಚು ಮತ್ತೆ ನಕ್ಕಿತು. ಆಮೇಲೆ ಹಲ್ಲಿನ ಡಾಕ್ಟರು ನಿಂತರು. ಎಷ್ಟು ವರ್ಷದಿಂದ ಸದಸ್ಯರೋ, ಅವರ ದನಿ ಹೀಗಿರುತ್ತದೆ ಎಂದು ಅರ್ಧ ಸಭೆಗೆ ಅವತ್ತೇ ತಿಳಿದದ್ದು.

"ಯಜಮಾನ್ರ ಮೇಲೆ ನನಗೆ ಗೌರವ ಇದೆ. ಅವರು ಹೇಳಿದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಆದ್ರೆ ತಗ್ಗಿನ ಓಣಿಯ ಮಕ್ಕಳಿಗೆ ಮಳೆಗಾಲದಲ್ಲಿ ಏನೇನು ಬರುತ್ತೆ ಅಂತ ನನ್ನ ಡಾಕ್ಟರ್ ಸ್ನೇಹಿತರು ದಿನಾ ಹೇಳ್ತಾರೆ. ಇಷ್ಟು ದಿನ ಈ ಮಾತು ಆಡೋಕೆ... ಸಂದರ್ಭ ಬಂದಿರ್ಲಿಲ್ಲ." ಕೂರುವ ಮೊದಲು ಯಜಮಾನರ ಕಡೆ ನೋಡಿ, "ಕ್ಷಮಿಸಬೇಕು" ಎಂದರು.

ಬೇಕರಿಯವನು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ, "ನಂದೂ ಅದೇ" ಎಂದ.

ಯಜಮಾನರು ಮನಸ್ಸಿನಲ್ಲೇ ಕೂಡಿ ಕಳೆದರು. ಬೇಡವೆಂದರೂ ಆ ಲೆಕ್ಕ ತಾನಾಗಿ ಓಡುತ್ತಿತ್ತು. ಎಂಟರಲ್ಲಿ ಇಬ್ಬರು ಹೋದರು. ಸಾಹುಕಾರರು ದೂರದಿಂದ ಅವರನ್ನೇ ನೋಡುತ್ತಿದ್ದರು, ಆ ನೋಟದಲ್ಲಿ 'ಹೇಳಿದೆನಲ್ಲ' ಎಂಬುದಕ್ಕಿಂತ ಮರುಕ ಹೆಚ್ಚಿತ್ತು. ಕುರ್ಚಿಯಲ್ಲಿ ಕೂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತೊಲೆಗಳು, ಪರದೆಯ ಹಿಂದಿನ ಬಣ್ಣದ ಕೋಣೆ, ಮಧ್ಯದಲ್ಲಿ ತಗ್ಗಾಗಿದ್ದ ರಂಗದ ಹಲಗೆ ಎಲ್ಲವೂ ಒಮ್ಮೆ ಕಣ್ಣ ಮುಂದೆ ಹಾದುಹೋದವು.

ಉಪಾಧ್ಯಕ್ಷರು ಬೆವರು ಒರೆಸಿಕೊಂಡರು. ಗಡಿಬಿಡಿಯಲ್ಲಿ ಕ್ರಮವನ್ನೇ ತಿರುಗುಮುರುಗು ಮಾಡಿದರು. "ವಿರೋಧ ಇರೋರು ಕೈ ಎತ್ತಿ."

ಕೈಗಳು ಎದ್ದವು. ಉಪಾಧ್ಯಕ್ಷರು ಪೆನ್ನು ತೋರಿಸುತ್ತ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಒಂಬತ್ತು" ಎಂದರು. ಬೆಂಚಿನಲ್ಲಿ ಯಾರೋ "ಅಬ್ಬಾ" ಎಂದು ಉಸಿರುಬಿಟ್ಟರು. ಒಂಬತ್ತಾದ ಮೇಲೆ ಇನ್ನೇನು ಉಳಿಯಿತು? ಕಾರ್ಯದರ್ಶಿ ಆಗಲೇ ಬರೆದುಕೊಳ್ಳತೊಡಗಿದ್ದರು. ಯಜಮಾನರ ಸೋಲನ್ನು ಎಲ್ಲರೆದುರು ಎಳೆದಾಡಲು ಉಪಾಧ್ಯಕ್ಷರಿಗೆ ಮನಸ್ಸಿರಲಿಲ್ಲ. "ಹಾಗಾದ್ರೆ ವಿಷಯ ಬಿದ್ದುಹೋಗಿದೆ. ಮುಂದಿನ ವಿಷಯ..." ಎಂದು ಹಾಳೆ ತಿರುವಿದರು.

"ನಿಲ್ಲಿ" ಎಂದರು ಯಜಮಾನರು.

ಎಲ್ಲರೂ ತಿರುಗಿದರು. ಟೈಲರಮ್ಮನ ಮುಖ ಸಣ್ಣದಾಯಿತು. ಕೊನೇ ಗಳಿಗೆಯಲ್ಲಿ ಮುದುಕ ಏನೋ ಪಟ್ಟು ಹಾಕುತ್ತಾನೆ ಎಂದು ಆಕೆಗೆ ಅನ್ನಿಸಿರಬೇಕು.

"ಪರವಾಗಿ ಇರೋರನ್ನ ಕೇಳ್ಲೇ ಇಲ್ಲ ನೀವು."

"ಇನ್ನು ಯಾಕೆ ಯಜಮಾನ್ರೇ..." ಉಪಾಧ್ಯಕ್ಷರು ತಗ್ಗಿದ ದನಿಯಲ್ಲಿ ಅಂದರು. "ಒಂಬತ್ತಾಗಿದೆಯಲ್ಲ."

"ಇರ್ಲಿ. ಕೇಳ್ಬೇಕು. ಸೋತೋರನ್ನೂ ಎಣಿಸ್ಬೇಕು."

ಉಪಾಧ್ಯಕ್ಷರು ಹಾಳೆಯನ್ನು ಮತ್ತೆ ಹಿಂದಕ್ಕೆ ತಿರುವಿದರು. "ಪರವಾಗಿ ಇರೋರು... ಕೈ ಎತ್ತಿ."

ಯಜಮಾನರು ಬಲಗೈ ಎತ್ತಿದರು. ಭುಜ ಹಿಡಿದುಕೊಂಡಿತು. ಈ ಸಭಾಂಗಣದಲ್ಲಿ ಅವರು ಕೈ ಎತ್ತಿ ಎಷ್ಟು ಕಾಲವಾಗಿತ್ತೋ. ಮೇಲಿನಿಂದ ನೋಡುವಾಗ ಕೈಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಇಲ್ಲಿಂದ ಎಲ್ಲರ ಕಂಕುಳಿನ ಬೆವರು, ಸವೆದ ತೋಳಿನ ಅಂಚು ಕಾಣುತ್ತಿತ್ತು. ಸಾಹುಕಾರರ ಕೈ ಎಲ್ಲಕ್ಕಿಂತ ಎತ್ತರದಲ್ಲಿತ್ತು, ಪುಣ್ಯಾತ್ಮ.

ಪಕ್ಕದಲ್ಲಿ ಕುರ್ಚಿ ಅಲುಗಿತು. ವಿರೋಧದ ಕೈಗಳಲ್ಲಿ ಮೇಷ್ಟ್ರ ಕೈ ಇದ್ದಿತೇ ಎಂದು ಅವರು ಗಮನಿಸಿರಲೇ ಇಲ್ಲ, ಇದ್ದೇ ಇರುತ್ತದೆ ಎಂದುಕೊಂಡಿದ್ದರು. ಈಗ ಮೇಷ್ಟ್ರು ಮುಂದಕ್ಕೆ ನೋಡುತ್ತ, ಯಾರ ಮುಖವನ್ನೂ ನೋಡದೆ, ಸೀಮೆಸುಣ್ಣ ಹಿಡಿದು ಹಿಡಿದು ಸೊಟ್ಟಗಾಗಿದ್ದ ಬೆರಳುಗಳ ಕೈಯನ್ನು ನಿಧಾನವಾಗಿ ಮೇಲೆತ್ತಿದರು. ಅವರ ಗುಂಪಿನ ಒಬ್ಬ, "ಮೇಷ್ಟ್ರೇ, ಇದು ಪರ" ಎಂದು ಪಿಸುಗುಟ್ಟಿದ.

"ಗೊತ್ತು" ಎಂದರು ಮೇಷ್ಟ್ರು.

ಯಜಮಾನರು ಅವರ ಕಡೆ ತಿರುಗಲಿಲ್ಲ. ತಿರುಗಿದರೆ ಕಣ್ಣು ಮಾತು ಕೇಳುವುದಿಲ್ಲ ಎಂದು ಗೊತ್ತಿತ್ತು. ಉಪಾಧ್ಯಕ್ಷರು ಎದ್ದು ನಿಂತು, ಪೆನ್ನು ಹಿಡಿದು, ಆ ತುದಿಯಿಂದ ಎಣಿಸಲು ಶುರುಮಾಡಿದರು. ಇವರ ಸಾಲು ಕೊನೆಯದು. ಯಜಮಾನರು ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು, ತಮ್ಮ ಸರದಿ ಬರುವವರೆಗೆ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು ಕೂತರು.